ಚೆನ್ನಾಗಿದ್ದುದನ್ನು ನೋಡಿದ್ದು ಯಾವಾಗ?

“ಯಜಮಾನರು ನಿಮ್ಮ ಜೋಡಿ ಕಡೀಕ ಛಲೋತ್ನಾಗ ಮಾತಾಡಿದ್ದು ಯಾವಾಗ್ರಿ?” ಎಂದು ಡಾಕ್ಟರ್ ದಾನೇಶ್ವರಿ ಕೇಳಿದಾಗ ಕಾಂತಾ ತಲೆ ತಗ್ಗಿಸಿ “ಸೋಮವಾರ” ಎಂದಳು. ಅಂದು ಗುರುವಾರ.

ದಾನೇಶ್ವರಿಯ ಪೆನ್ನು ನಿಂತಿತು. ಬಾಗಿಲಾಚೆ ಸ್ಟ್ರೆಚರಿನ ಮೇಲೆ ಕಾಂತಾಳ ಗಂಡ ಬಸಲಿಂಗಪ್ಪ ಮಲಗಿದ್ದ. ಖಾನಾಪುರದಲ್ಲಿ ಮನೆಗೆ ಹೊಂದಿಕೊಂಡೇ ಹಿಟ್ಟಿನ ಗಿರಣಿ ಇಟ್ಟವನು. ಈಗ ಬಾಯಿ ಸೊಟ್ಟಗಾಗಿ, ಬಲಗೈ ಬಲಗಾಲು ಸತ್ವ ಕಳೆದುಕೊಂಡು, ಮಾತು ನಿಂತುಹೋಗಿತ್ತು. ಮಿದುಳಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಸ್ಕ್ಯಾನ್ ಹೇಳಿತ್ತು. ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆಯನ್ನು ಮಿದುಳಿನವರೆಗೆ ಒಯ್ದು ಆ ಹೆಪ್ಪನ್ನು ಎಳೆದು ತೆಗೆಯುವುದು ದಾನೇಶ್ವರಿಯ ಕೆಲಸ. ಹಾಗೆ ತೆಗೆಸಿಕೊಂಡವರು ಎಷ್ಟರಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ ಎಂದು ಬೆಳಗಾವಿಯ ಆ ಆಸ್ಪತ್ರೆಯಲ್ಲಿ ಮೂರು ವರ್ಷದಿಂದ ಸಂಶೋಧನೆಯನ್ನೂ ನಡೆಸಿದ್ದಳು. ಅದರ ಫಾರ್ಮಿನ ಮೊದಲ ಪ್ರಶ್ನೆ, ರೋಗಿ ಚೆನ್ನಾಗಿದ್ದುದನ್ನು ಕಡೆಯದಾಗಿ ನೋಡಿದ್ದು ಯಾವಾಗ ಎಂಬುದು. ಹಾಲು ಹಾಕುವ ಹೊತ್ತು, ಬಸ್ಸು ಬರುವ ಹೊತ್ತು ಎಂದೆಲ್ಲ ಉತ್ತರ ಕೇಳಿ ಅವಳಿಗೆ ರೂಢಿಯಾಗಿತ್ತು. ಮೂರು ದಿನವೆಂದು ಯಾರೂ ಹೇಳಿರಲಿಲ್ಲ. ಅಷ್ಟು ತಡವಾಗಿದ್ದರೆ ನಳಿಗೆ ಹಾಕುವುದರಿಂದ ಒಳ್ಳೆಯದಕ್ಕಿಂತ ಕೆಡುಕೇ ಹೆಚ್ಚು.

ಆದರೆ ಸ್ಕ್ಯಾನಿನಲ್ಲಿ ಮೂರು ದಿನದ ಹಾನಿ ಕಾಣುತ್ತಿರಲಿಲ್ಲ. ಹಾಗಾದರೆ ಇವತ್ತೇ ಏಕೆ ಕರೆತಂದಿರಿ ಎಂದು ಕೆದಕಿದಾಗ ಸಂಗತಿ ಹೊರಬಿತ್ತು. ಸೋಮವಾರ ಬೀಗರು ಊಟಕ್ಕೆ ಬಂದಾಗ ಬಸಲಿಂಗಪ್ಪ ಎಲ್ಲರೆದುರು, ಹೋಳಿಗೆ ಮಾಡಿದರೆ ನಮ್ಮ ಅಕ್ಕನೇ ಮಾಡಬೇಕು ಎಂದುಬಿಟ್ಟಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದವರು ಕಾಂತಾಳನ್ನು ಕಂಡಿರಲಿಲ್ಲ. ಈ ದಿನ ಒಂಬತ್ತಕ್ಕೆ ಗಿರಣಿ ಕಾಳಿಲ್ಲದೆ ಬರಿದೇ ತಿರುಗುವ ಸದ್ದು ಕೇಳಿ ಅವಳು ಓಡಿಹೋದರೆ ಆತ ಚೀಲಗಳ ನಡುವೆ ಬಿದ್ದಿದ್ದ. ಬಾಜು ಮನೆಯವರ ಕಾರಿನಲ್ಲಿ ಹಾಕಿಕೊಂಡು ಬಂದಿದ್ದರು.

“ಮಾತಿಂದು ಬಿಡ್ರಿ. ಇವತ್ತ ಮುಂಜಾನಿ ಅವರನ್ನ ನೋಡೀರೇನು?”

“ಇಲ್ಲರಿ. ಸೋಮವಾರದಿಂದ ನಾ ಅವರ ಮಾರಿ ಸೈತ ನೋಡಿಲ್ಲ.”

ಹೇಳುವಾಗ ಕಾಂತಾಳ ಗದ್ದ ಸ್ವಲ್ಪ ಮೇಲೆದ್ದಿತು. ಪ್ರಾಣವೆಲ್ಲ ಬಾಗಿಲಾಚೆ ಇದ್ದರೂ ಹಟ ಮಾತ್ರ ಈಚೆಯೇ ನಿಂತಿತ್ತು. ದಾನೇಶ್ವರಿ ಪೆನ್ನು ಕೆಳಗಿಟ್ಟಳು.

“ಅಕ್ಕಾರ, ಯಾರೂ ನೋಡಿಲ್ಲಂದ್ರ ನಾ ಸೋಮವಾರ ಅಂತ ಬರೀಬೇಕಾಗತೈತಿ. ಹಂಗ ಬರದ್ರ ನನ್ನ ಕೈ ಕಟ್ಟಿಧಂಗ.”

ಕಾಂತಾ ಬಾಗಿಲಿನತ್ತ ಒಮ್ಮೆ ನೋಡಿದಳು. ಆಮೇಲೆ ಬಾಯಿ ಬಿಟ್ಟವಳು ನಿಲ್ಲಲಿಲ್ಲ. ಇವತ್ತು ಗಂಡ ಆರೂವರೆಗೆ ಎದ್ದು ಬಲಗೈಯಿಂದಲೇ ಹಲ್ಲುಜ್ಜಿದ. ಏಳಕ್ಕೆ ಚಹಾಕ್ಕೆ ಸಕ್ಕರೆ ಸಾಲದೆ ತಾನೇ ಡಬ್ಬಿ ಹುಡುಕಿಕೊಂಡ. ಏಳೂಮುಕ್ಕಾಲಿಗೆ ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದ, ಆದರೆ ಅದು ಮದುವೆಯಾದಾಗಿನಿಂದ ಇರುವ ಕಾಯಿಲೆ, ಲೆಕ್ಕಕ್ಕೆ ಹಿಡಿಯಬೇಡಿ. ಎಂಟೂ ಹತ್ತಕ್ಕೆ ಗುಂಜಿ ಊರಿನವರೊಬ್ಬರು ಅಕ್ಕಿ ಇಟ್ಟುಹೋದರು. ಅವರೊಡನೆ ನಕ್ಕು ಮಾತಾಡಿದ, ನಾಲಿಗೆ ತೊಡರಲಿಲ್ಲ. ಎಂಟು ಮೂವತ್ತೈದಕ್ಕೆ ಆ ಚೀಲವನ್ನು ಎರಡೂ ಕೈಯಿಂದ ಎತ್ತಿ ಗಿರಣಿಯ ಬಾಯಿಗೆ ಸುರಿದ.

“ಅಡಗಿಮನಿ ಕಿಟಕಿಯಿಂದ ಎಲ್ಲಾ ಕಾಣತೈತ್ರಿ,” ಎಂದು ಕಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆಗ ಕುಕ್ಕರ್ ಕೂಗಿತು ಅಂತ ಒಲಿ ಕಡೆ ತಿರುಗಿದ್ನಿ. ಇಲ್ಲಾಂದ್ರ ಬೀಳೂದನ್ನೂ ನೋಡತಿದ್ನಿ.”

ದಾನೇಶ್ವರಿ ಎಂಟು ಮೂವತ್ತೈದು ಎಂದು ಬರೆದಳು. ನೋಡಿದವರು ಯಾರು, ಅವರ ಮಾತು ಎಷ್ಟು ನಂಬಬಹುದು ಎಂದು ಪಕ್ಕದಲ್ಲೊಂದು ಕಾಲಂ ಇತ್ತು. ಅಲ್ಲಿ ‘ಹೆಂಡತಿ, ಪೂರ್ತಿ’ ಎಂದು ತುಂಬಿ, ಕಾಂತಾಳ ಸಹಿ ಪಡೆದು ಒಳಗೆ ಓಡಿದಳು. ಆಗ ಹತ್ತೂಕಾಲು.

ಕಾಂತಾ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಬೆಂಚಿನ ಮೇಲೆ ಕುಳಿತೇ ಇದ್ದಳು. ಹನ್ನೊಂದೂಕಾಲಿಗೆ ಹೆಪ್ಪು ಹೊರಬಂತು. ಮಧ್ಯಾಹ್ನ ಅವಳನ್ನು ಒಳಗೆ ಬಿಟ್ಟರು. ಬಸಲಿಂಗಪ್ಪ ಹೇಳಿದಂತೆ ಬಲಗೈ ಎತ್ತಿದ, ಬಲಗಾಲೂ ಎತ್ತಿದ. ಹೆಸರೇನೆಂದು ದಾನೇಶ್ವರಿ ಕೇಳಿದಳು. ಉತ್ತರವಿಲ್ಲ. ಕಾಂತಾಳನ್ನು ತೋರಿಸಿ, ಇವರು ಯಾರೆಂದಳು. ಆತ ಹೆಂಡತಿಯನ್ನು ದಿಟ್ಟಿಸಿ ನೋಡಿ, ದೃಷ್ಟಿಯನ್ನು ಛಾವಣಿಯತ್ತ ತಿರುಗಿಸಿದ. ಕೈಕಾಲು ಮರಳಿ ಬಂದರೂ ಮಾತು ಬಾರದೆ ಉಳಿಯುವುದುಂಟು. ದಾನೇಶ್ವರಿಯ ಮುಖ ಇಳಿದುದನ್ನು ಕಂಡು ಕಾಂತಾ ಮಂಚದ ಹತ್ತಿರಕ್ಕೆ ಬಂದಳು. ಮೂವತ್ತಾರು ವರ್ಷದಿಂದ ಬಲ್ಲ ಮುಖ ಅದು. ಈಗ ಅದರ ಮೇಲಿರುವುದು ರೋಗವೋ ಸಿಟ್ಟೋ ಅವಳಿಗೇ ತಿಳಿಯಲೊಲ್ಲದು.

“ಏನರ ಅನ್ರಿ,” ಎಂದು ಅವಳು ಮಂಚದ ಕಂಬಿ ಹಿಡಿದುಕೊಂಡಳು. “ಬೇಕಾದ್ರ ಬೈರಿ. ನಾನ ಮೊದಲ ಮಾತಾಡೇನಿ ನೋಡ್ರಿ, ನಾನ ಸೋತೇನಿ.”

ಬಸಲಿಂಗಪ್ಪನ ತುಟಿ ಎರಡು ಸಲ ಅಲುಗಿತು. ಆತ ಹೆಂಡತಿಯ ಕಡೆ ನೋಡದೆ ದಾನೇಶ್ವರಿಯ ಕಡೆ ತಿರುಗಿದ. ನಾಲಿಗೆ ದಪ್ಪವಾಗಿತ್ತು, ತಡೆದು ತಡೆದು ಹೇಳಿದ, ಆದರೂ ಒಂದೊಂದು ಮಾತೂ ತಿಳಿಯಿತು.

“ಆಕೀಗೆ ಉಣ್ಣಾಕ ಹೇಳ್ರಿ, ಡಾಕ್ಟರ್. ಸೋಮವಾರದಿಂದ ಒಂದೇ ರೊಟ್ಟಿ ತಿನ್ನಾಕತ್ತಾಳ.”