ಬಿಚ್ಚಿಟ್ಟ ವಾಚು

“ಕಿವಿ ಬೀಸ್ಕೊಂಡು ಘೀಳಿಡ್ತಾ ಬಂತು ಅಂದ್ರೆ ಅದು ಹೆದರ್ಸೋ ಆನೆ. ಕಿವಿ ಒತ್ಕೊಂಡು, ಸೊಂಡಿಲು ಮಡಚ್ಕೊಂಡು ಸದ್ದಿಲ್ದೆ ಬರ್ತೈತಲ್ಲ, ಅದು ತೀರ್ಮಾನ ಮಾಡ್ಬುಟ್ಟೈತೆ ಅಂತ,” ಎಂದ ಯೋಗಾನಂದ. ಅಂಥದ್ದು ಬಂದರೆ ಏನು ಮಾಡುವುದೆಂದು ಯಾರೋ ಕೇಳಿದರು. ಅದು ಹತ್ತಿರ ಬರುವ ಮೊದಲೇ ಜನ ಇರುವ ಕಡೆ ಸೇರಿಕೊಳ್ಳಬೇಕು ಎಂದ.

ಅವನು ಆನೆ ಕಾವಲು ತಂಡದವನು. ಮಗ್ಗೆ ಹತ್ತಿರದ ಎಸ್ಟೇಟಿನ ಕಣದಲ್ಲಿ, ಕಾಫಿ ಹಣ್ಣು ಕೊಯ್ಯುವ ಹೆಂಗಸರನ್ನು ಕೂರಿಸಿಕೊಂಡು ಎಚ್ಚರಿಕೆ ಹೇಳುತ್ತಿದ್ದ. ಅವರಲ್ಲಿ ಅವನ ಹೆಂಡತಿ ದೀಪಶ್ರೀಯೂ ಇದ್ದಳು. ಪಕ್ಕದಲ್ಲಿ ಗಂಗಾಮಣಿ. ಗಂಗಾಮಣಿಯ ಗಂಡ ಭೂತಯ್ಯ ಕುಡಿದು ಬಂದರೆ ಕೂಲಿಯವರ ಸಾಲುಮನೆಗಳ ಲೈನಿಗೆ ಲೈನೇ ಎದ್ದು ಕೂರುತ್ತದೆ. ಪಾತ್ರೆಗಳು ಹಾರುತ್ತವೆ, ಅಕ್ಕಪಕ್ಕದವರು ಓಡಿ ಬಂದು ಹಿಡಿದುಕೊಳ್ಳುತ್ತಾರೆ. ಬೊಗಳೋ ನಾಯಿ ಕಚ್ಚಲ್ಲ ಬಿಡು ಎಂದು ಸಮಾಧಾನವನ್ನೂ ಹೇಳುತ್ತಾರೆ. ಕಚ್ಚಿದ ಗುರುತು ಅವಳ ಮೊಣಕೈಯಲ್ಲಿದೆ.

ದೀಪಶ್ರೀಯ ಮನೆಯಲ್ಲಿ ಅಂಥ ಗಲಾಟೆ ಇಲ್ಲ. ಯೋಗಾನಂದ ಕುಡಿಯುವವನಲ್ಲ, ದನಿ ಎತ್ತುವವನೂ ಅಲ್ಲ. ಗಾಜು ಒಡೆಯಬಾರದೆಂದು ವಾಚು ಬಿಚ್ಚಿಡುತ್ತಾನೆ, ಚಿಲಕ ಹಾಕುತ್ತಾನೆ, ಟಿವಿ ಜೋರು ಮಾಡುತ್ತಾನೆ. ಆಮೇಲೆ ಬಟ್ಟೆ ಮುಚ್ಚುವ ಕಡೆಗೇ ನೋಡಿ ಹೊಡೆಯುತ್ತಾನೆ. ಒಮ್ಮೆ ತವರಿನಲ್ಲಿ ಹೇಳಿ ನೋಡಿದಳು. ಯೋಗಾನಂದನಾ ಎಂದು ಅವರು ನಕ್ಕರು.

ಕೊನೆಗೆ ಯೋಗಾನಂದ, ಹೋದ ವಾರ ಒಂಟಿ ಸಲಗವನ್ನು ತಾನೊಬ್ಬನೇ ಅಟ್ಟಿದ ಕಥೆ ತೆಗೆದ. ದೀಪಶ್ರೀ ಬಾಯಿ ತಪ್ಪಿ, ಅವತ್ತು ನಾಲ್ಕು ಜನ ಇದ್ದರಲ್ಲ ಎಂದುಬಿಟ್ಟಳು.

ಕಣದಲ್ಲಿದ್ದವರೆಲ್ಲ ನಕ್ಕರು. ಯೋಗಾನಂದನೂ ನಕ್ಕ. ನಗುತ್ತಲೇ ವಾಚು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ.

ದೀಪಶ್ರೀಗೆ ಕೂತಲ್ಲಿ ಕೂರಲಾಗಲಿಲ್ಲ. ಬುಟ್ಟಿ ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಗೇಟಿನ ಕಡೆ ನೋಡಿದಳು, ಲೈನಿನ ಕಡೆ ನೋಡಿದಳು.

“ಬಾ ದೀಪಾ, ಹೋಗಾಣ,” ಎಂದು ಅವನು ಬೈಕಿನ ಮೇಲಿಂದ ಮೆಲ್ಲಗೆ ಕರೆದ. ಎಷ್ಟು ನಯವಾಗಿ ಕರೆಯುತ್ತಾನೆ, ಪುಣ್ಯ ಮಾಡಿದ್ದೀಯೆ ಎಂದು ಗಂಗಾಮಣಿ ನಿಟ್ಟುಸಿರು ಬಿಟ್ಟಳು.

ದೀಪಶ್ರೀ ಅವಳ ಕೈ ಗಟ್ಟಿಯಾಗಿ ಹಿಡಿದಳು. “ಅಕ್ಕ, ಇವತ್ತು ನಾನು ನಿಮ್ಮನೇಲೇ ಮಲಗ್ತೀನಿ.”

“ನಮ್ಮನೇಲಾ? ನಮ್ಮೋನು ಬಂದು ಕೂಗಾಡ್ತಾನೆ, ನಿಂಗೆ ನಿದ್ದೆ ಬರಲ್ಲ ಕಣೇ.”

“ಕೂಗಾಡ್ಲಿ ಬಿಡಕ್ಕ. ಕೂಗು ಕೇಳ್ತಿದ್ರೆ ನಂಗೆ ನಿದ್ದೆ ಬರ್ತೈತೆ.”