ಎರಡು ಮಂಡಿಗಳು

ನಲವತ್ತು ವರ್ಷಗಳ ಹಿಂದೆ, ಶಾಲಾ ತಪಾಸಣೆಯ ದಿನ, ಕವಾಯತು ತಪ್ಪಿಸಿಕೊಳ್ಳಲು ನರಳುತ್ತ ಮಲಗಿದ್ದ ಹನ್ನೊಂದು ಹುಡುಗರ ಕಳ್ಳ ಹೊಟ್ಟೆನೋವನ್ನು ಬೆಳಗಿನಿಂದ ಹೆಣಗಿ ಬಿಡಿಸಿ, ಅವರನ್ನು ಮೈದಾನಕ್ಕಿಳಿಸಿದ ಕೀರ್ತಿ ಡ್ರಿಲ್ ಮೇಷ್ಟರದು. ಅಂಥವರ ಕಣ್ಣಿಗೆ ಎಂಟು ವರ್ಷದ ಮೊಮ್ಮಗಳು ಮಣ್ಣೆರಚುವುದೆಂದರೇನು?

ಆಸ್ಪತ್ರೆಯಲ್ಲಿ ಊರುಗೋಲನ್ನು ಮೇಜಿಗೊರಗಿಸಿ ಅವರು ದೂರು ಹೇಳಿದರು: "ಡಾಕ್ಟ್ರಮ್ಮ, ಇವಳು ಬೆಳಿಗ್ಗೆ ಕುಂಟ್ತಾಳೆ, ಮಧ್ಯಾಹ್ನ ನೆಟ್ಟಗೆ ನಡೀತಾಳೆ. ಸಂಜೆ ಜ್ವರ, ಬೆಳಗಾದ್ರೆ ಇಲ್ಲ. ದದ್ದು ಅಂತಾಳೆ, ನಾನು ಕನ್ನಡಕ ಹಾಕ್ಕೊಳ್ಳೋಷ್ಟರಲ್ಲಿ ಮಾಯ! ಎಲ್ಲಾ ಸ್ಕೂಲ್ ತಪ್ಪಿಸೋ ನಾಟಕ. ಏನೂ ಇಲ್ಲ ಅಂತ ಬರೆದುಕೊಡಿ." ಆಮೇಲೆ ತಮ್ಮ ಮಂಡಿ ತಟ್ಟಿದರು. "ಸಂಧಿವಾತ ಅಂದ್ರೆ ಇದು! ಏಳು ವರ್ಷದಿಂದ ತರಕಾರಿ ಚೀಲ ಇವಳಜ್ಜೀನೇ ಹೊರ್ತಾಳೆ."

"ನಾನು ಸುಳ್ಳು ಹೇಳ್ತಿಲ್ಲ ತಾತ," ಎಂದಳು ಹುಡುಗಿ, ಕಣ್ಣು ತುಂಬಿಕೊಂಡು.

ವೈದ್ಯೆ ಇಬ್ಬರ ಮಂಡಿಗಳನ್ನೂ ಒತ್ತಿ, ಮಡಿಸಿ ನೋಡಿದರು. ಮಗುವಿನ ರಕ್ತಪರೀಕ್ಷೆಯ ವರದಿಗಳನ್ನು ಓದಿದರು.

"ಮೇಷ್ಟ್ರೇ, ಮಕ್ಕಳಲ್ಲಿ ಈ ಕಾಯಿಲೆ ಹೀಗೇ ಬಂದು ಹೋಗಿ ಯಾಮಾರಿಸುತ್ತೆ. ಮಗೂಗೆ ಇರೋದು ನಿಜವಾದ ಸಂಧಿವಾತ. ಇವತ್ತೇ ಔಷಧಿ ಶುರು ಮಾಡೋಣ. ನಿಮ್ಮ ಮಂಡೀಲಿ ಮಾತ್ರ ಏನೂ ಇಲ್ಲ."

ಮೇಷ್ಟರು ಊರುಗೋಲಿಗಾಗಿ ತಡಕಾಡಿದರು. ಮೊಮ್ಮಗಳು ಕಣ್ಣೊರೆಸಿಕೊಂಡು, ತಾತನ ಜೇಬಿನಿಂದ ಫೋನು ತೆಗೆದು ಏನೋ ಒತ್ತಿ, ವೈದ್ಯೆಯ ಬಾಯಿಯ ಬಳಿ ಹಿಡಿದಳು.

"ಆಂಟಿ, ಆ ಕೊನೇ ಮಾತು ಇನ್ನೊಂದ್ಸಲ ಹೇಳಿ. ಅಜ್ಜಿ ಲೈನಲ್ಲಿದ್ದಾರೆ."