ಹಗುರವಾದ ಬ್ಯಾಗು

ತನ್ನೊಬ್ಬಳಿಗಾಗಿ ಎಲ್ಲರೂ ನಿಂತು ಕಾಯಬೇಕಾದೀತು ಎಂಬುದೇ ಮೃದುಲಾಳ ಮನಸ್ಸಿನೊಳಗಿನ ಅಳುಕು. ಚಾರಣಕ್ಕೆ ಬಂದ ಉಳಿದವರದು ಹೂವಿನಷ್ಟು ಹಗುರವಾದ ದುಬಾರಿ ಬ್ಯಾಗುಗಳು. ಅವಳದು ಮಾವನಿಂದ ಎರವಲು ತಂದ ಕ್ಯಾನ್ವಾಸ್ ಮೂಟೆ. ಹೊಸದು ಕೊಳ್ಳಲಾಗದೆ, ಭಾರ ಇಳಿಸಲೆಂದು ಕಂಬಳಿಯನ್ನು ಅರ್ಧಕ್ಕೆ ಕತ್ತರಿಸಿದ್ದಳು, ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಮುರಿದಿದ್ದಳು. ಆದರೂ ಮೊದಲ ಏರಿನಲ್ಲೇ ಹಿಂದೆ ಬಿದ್ದಳು.

ಹಳ್ಳ ದಾಟಿದ ಮೇಲೆ ಮಾತ್ರ ಅವಳ ಹೆಜ್ಜೆ ಚುರುಕಾಯಿತು.

"ಏನಮ್ಮಾ, ಜಿಂಕೆ ಆಗ್ಬಿಟ್ಟೆ!" ಎಂದು ಮುಂದಾಳು ಚಂಗಪ್ಪ ನಕ್ಕ. ಅವಳು ತಲೆ ತಗ್ಗಿಸಿದಳು.

ಎಲ್ಲೂ ಹನಿ ನೀರಿಲ್ಲದ ಬೋಳುಗುಡ್ಡದ ನೆತ್ತಿಯಲ್ಲಿ, ಸುಡುಬಿಸಿಲಿಗೆ ತಂಡದ ಹುಡುಗಿ ರುಬೀನಾ ಕುಸಿದುಬಿದ್ದಳು. ಚಂಗಪ್ಪ ತನ್ನ ಬಾಟಲಿಯನ್ನು ಪೂರ್ತಿ ಅವಳ ತಲೆಗೆ ಸುರಿದ. ಉಳಿದವರ ಬಾಟಲಿಗಳೂ ಬರಿದಾದವು.

"ಕುಡಿಯೋಕೆ ನೀರು..." ಎಂದು ರುಬೀನಾ ತುಟಿ ಆಡಿಸಿದಳು.

"ಹೆದರ್ಬೇಡ ಕಣಮ್ಮಾ," ಎಂದ ಚಂಗಪ್ಪ. " ಎಲ್ಲರಿಗೂ ಅಂತ ತುಂಬಿಸಿದ ದೊಡ್ಡ ಕ್ಯಾನ್ ಹೊರೋ ಸರದಿ ಇವತ್ತು ಇವಳದ್ದೇ. ಮೃದುಲಾ, ಬೇಗ ತೆಗಿ!"

ಎಲ್ಲರೂ ಅವಳತ್ತ ಕೈಚಾಚಿದರು. ಮೃದುಲಾ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅಣ್ಣಾ, ಹೊರೋಕಾಗ್ದೆ ಅದನ್ನ ಹಳ್ಳಕ್ಕೇ ಸುರಿದುಬಿಟ್ಟೆ."